ಬೀದಿಯಲ್ಲಿ ಸಿಕ್ಕ ಸಾಕುಪ್ರಾಣಿ, ಆಶ್ರಯತಾಣ ಮತ್ತು ಹೊಸ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಿಕ್ಕು ತಪ್ಪಿದ ನಾಯಿಯನ್ನೋ ಬೆಕ್ಕನ್ನೋ ಕಂಡು ಸುಮ್ಮನೆ ಮುಂದೆ ಹೋಗಲಾರದವರಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಪ್ರಾಣಿ ಕಣ್ಣಿಗೆ ಬಿದ್ದ ಕ್ಷಣದಿಂದ ಅದು ಒಂದು ಮನೆಯಲ್ಲಿ ನೆಲೆಯೂರುವವರೆಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಬಿಡಾಡಿ ಪ್ರಾಣಿಗಳಿಗೆ ಸಂಬಂಧಿಸಿದ ಕಾನೂನು ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ, ನಿಯಮದ ಮಾತು ಬಂದಲ್ಲೆಲ್ಲ ನಿಮ್ಮ ಊರಿನ ಆಶ್ರಯತಾಣವನ್ನೋ ಸ್ಥಳೀಯ ಆಡಳಿತವನ್ನೋ ಒಮ್ಮೆ ವಿಚಾರಿಸಿಕೊಳ್ಳಿ.

ಒಂಟಿಯಾಗಿ ಕಂಡ ಪ್ರಾಣಿ ತಪ್ಪಿಸಿಕೊಂಡು ಬಂದದ್ದೋ, ಯಾರೋ ಬಿಟ್ಟುಹೋದದ್ದೋ, ಬೀದಿಯಲ್ಲೇ ಹುಟ್ಟಿ ಬೆಳೆದದ್ದೋ ಎಂದು ತಿಳಿಯುವುದು ಹೇಗೆ?

ಒಂದು ನೋಟಕ್ಕೆ ತಿಳಿಯುವುದಿಲ್ಲ. ಕತ್ತುಪಟ್ಟಿ ಇದ್ದರೆ, ಅಥವಾ ಕತ್ತಿನ ಸುತ್ತ ರೋಮ ಸವೆದು ಪಟ್ಟಿ ಇದ್ದ ಗುರುತು ಉಳಿದಿದ್ದರೆ ಅದು ಯಾರದೋ ಮನೆಯದು ಎನ್ನುವುದಕ್ಕೆ ಒಳ್ಳೆಯ ಸುಳಿವು. ಬೀದಿಯನ್ನೇ ನೆಲೆ ಮಾಡಿಕೊಂಡ ಪ್ರಾಣಿಗೆ ಅಲ್ಲಿನ ವಾಹನಗಳ ಓಡಾಟ, ಮಲಗುವ ಜಾಗ, ಅನ್ನ ಸಿಗುವ ಹೊತ್ತು ಎಲ್ಲವೂ ಗೊತ್ತಿರುತ್ತವೆ. ತಪ್ಪಿಸಿಕೊಂಡು ಬಂದದ್ದು ಗಾಬರಿಯಿಂದ ಅತ್ತಿತ್ತ ಓಡುತ್ತದೆ, ಪ್ರತಿಯೊಬ್ಬರ ಮುಖವನ್ನೂ ನೋಡುತ್ತದೆ, ಯಾರೋ ಬಿಟ್ಟುಹೋದದ್ದು ಆ ಜಾಗದಲ್ಲೇ ಗಂಟೆಗಟ್ಟಲೆ ಕಾಯುತ್ತದೆ. ಆದರೆ ಮೈ ಕೊಳೆಯಾಗಿದೆ, ಬಡಕಲಾಗಿದೆ, ಮುಟ್ಟಲು ಹೋದರೆ ಹೆದರುತ್ತದೆ ಎಂಬ ಕಾರಣಕ್ಕೆ ಅದಕ್ಕೆ ಯಾರೂ ಇಲ್ಲವೆಂದು ತೀರ್ಮಾನಿಸಬೇಡಿ. ಕೆಲವೇ ವಾರ ಬೀದಿಯಲ್ಲಿ ಅಲೆದರೂ ಮುದ್ದಿನಿಂದ ಬೆಳೆದ ನಾಯಿಯ ಗುರುತೇ ಸಿಗದಂತಾಗುತ್ತದೆ, ಮತ್ತು ಹೆದರಿದ ಪ್ರಾಣಿ ತನ್ನ ಯಜಮಾನನಿಂದಲೂ ಓಡಿಹೋಗುವುದುಂಟು. ಯಾರೋ ಇದನ್ನು ಹುಡುಕುತ್ತಿದ್ದಾರೆ ಎಂದು ಭಾವಿಸಿಕೊಂಡೇ ಕೆಲಸ ಆರಂಭಿಸಿ. ಆ ಎಣಿಕೆ ತಪ್ಪಾದರೆ ಯಾರಿಗೂ ನಷ್ಟವಿಲ್ಲ, ಅದು ಸರಿಯಾಗಿದ್ದು ನೀವು ಹುಡುಕದೆ ಬಿಟ್ಟರೆ ಒಂದು ಮನೆ ತನ್ನ ಪ್ರಾಣಿಯನ್ನು ಎರಡನೆಯ ಸಲ ಕಳೆದುಕೊಳ್ಳುತ್ತದೆ.

ಹೆದರಿದ ನಾಯಿಯ ಹತ್ತಿರ ಹೋಗುವುದು ಹೇಗೆ?

ನೀವು ಹೋಗುವುದಕ್ಕಿಂತ ಅದು ಬರುವಂತೆ ಮಾಡುವುದು ಮೇಲು. ಬೆನ್ನಟ್ಟಿದರೆ ನಾಯಿ ರಸ್ತೆಗೆ ನುಗ್ಗುತ್ತದೆ, ರಕ್ಷಣೆಯೆಂದು ಹೊರಟ ಕೆಲಸ ಅಪಘಾತದಲ್ಲಿ ಮುಗಿಯುತ್ತದೆ. ದೂರದಲ್ಲಿ ಪಕ್ಕಕ್ಕೆ ತಿರುಗಿ ಕುಳಿತು, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಮೆಲುದನಿಯಲ್ಲಿ ಮಾತಾಡುತ್ತ, ಘಮವಿರುವ ತಿಂಡಿಯ ಚೂರುಗಳನ್ನು ನಿಮ್ಮತ್ತ ಬರುವ ಹಾದಿಯಲ್ಲಿ ಎಸೆಯಿರಿ. ತಲೆಯ ಮೇಲಿನಿಂದ ಕೈ ಚಾಚಬೇಡಿ. ಮೈ ಮರಗಟ್ಟಿದಂತೆ ನಿಂತಿರುವುದು, ತುಟಿ ನೆಕ್ಕುವುದು, ಕಣ್ಣಿನ ಬಿಳಿ ಭಾಗ ಕಾಣುವಂತೆ ಓರೆಯಾಗಿ ನೋಡುವುದು, ಬಾಲವನ್ನು ಕಾಲಿನ ಸಂದಿಗೆ ಸಿಕ್ಕಿಸಿಕೊಳ್ಳುವುದು, ಇವೆಲ್ಲ ಗುರುಗುಟ್ಟುವುದಕ್ಕಿಂತ ಮೊದಲೇ ಬರುವ ಎಚ್ಚರಿಕೆಗಳು. ಬಾಲ ಅಲ್ಲಾಡಿಸುವುದೆಲ್ಲ ಸ್ನೇಹವಲ್ಲ ಎಂಬುದೂ ನೆನಪಿರಲಿ. ಮೂಲೆಯಲ್ಲಿ ಸಿಕ್ಕಿಕೊಂಡ ಪ್ರಾಣಿಗೆ ಓಡಲು ದಾರಿಯಿಲ್ಲದಾಗ ಕಚ್ಚುವುದೊಂದೇ ದಾರಿಯಾಗುತ್ತದೆ. ಗಾಯಗೊಂಡ ಪ್ರಾಣಿಯಂತೂ ಎಷ್ಟೇ ಸಾಧುವಾಗಿದ್ದರೂ ನೋವಿನಲ್ಲಿ ಕಚ್ಚೀತು. ಅದನ್ನು ದಪ್ಪ ಟವೆಲಿನಲ್ಲೋ ಕಂಬಳಿಯಲ್ಲೋ ಸುತ್ತಿ ಎತ್ತಬೇಕು. ಕೈಮೀರುತ್ತಿದೆ ಎನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ತರಬೇತಿ ಪಡೆದ ಸಿಬ್ಬಂದಿ ಬರುವವರೆಗೆ ದೂರದಿಂದ ಕಣ್ಣಿಟ್ಟಿರುವುದೂ ರಕ್ಷಣೆಯ ಕೆಲಸವೇ.

ಕಚ್ಚಿದರೆ ಅಥವಾ ಪರಚಿದರೆ ಏನು ಮಾಡಬೇಕು?

ಗಾಯವನ್ನು ಕೂಡಲೇ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ, ಆಮೇಲೆ ಅದೇ ದಿನ ವೈದ್ಯರನ್ನು ಕಾಣಿರಿ. ರೇಬೀಸ್ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವುದು ಅತ್ಯಂತ ವಿರಳ, ಆದರೆ ಲಕ್ಷಣ ಕಾಣುವ ಮೊದಲೇ ಸಕಾಲದಲ್ಲಿ ಲಸಿಕೆಯ ಎಲ್ಲ ಸುತ್ತುಗಳನ್ನು ಪಡೆದರೆ ಅದನ್ನು ಖಚಿತವಾಗಿ ತಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನುಷ್ಯರಿಗೆ ತಗಲುವ ರೇಬೀಸ್ ಪ್ರಕರಣಗಳಲ್ಲಿ 99 ಪ್ರತಿಶತದವರೆಗೆ ನಾಯಿಗಳಿಂದಲೇ ಬರುತ್ತವೆ. ಸಣ್ಣ ಗೀರು ಎಂದು ಅಲಕ್ಷಿಸಬಾರದು, ಮರಿಯ ಹಲ್ಲು ಎಂದು ರಿಯಾಯಿತಿಯನ್ನೂ ಕೊಡಬಾರದು. ಕಚ್ಚಿದ ವಿಷಯವನ್ನು ಆಶ್ರಯತಾಣದವರಿಂದ ಎಂದಿಗೂ ಮುಚ್ಚಿಡಬೇಡಿ. ಹೇಳಿದರೆ ಪ್ರಾಣಿಗೆ ತೊಂದರೆಯಾದೀತೆಂದು ಕೆಲವರು ಸುಮ್ಮನಾಗುತ್ತಾರೆ, ಆದರೆ ಕಚ್ಚಿದ ನಾಯಿ ಅಥವಾ ಬೆಕ್ಕನ್ನು 10 ದಿನ ನಿಗಾದಲ್ಲಿ ಇಡುವುದರಿಂದ ನಿಮಗೂ, ಅದನ್ನು ನೋಡಿಕೊಳ್ಳುವ ಸಿಬ್ಬಂದಿಗೂ ರಕ್ಷಣೆ ಸಿಗುತ್ತದೆ, ಆ ಅವಧಿಯಲ್ಲಿ ಅದು ಆರೋಗ್ಯವಾಗಿ ಉಳಿದರೆ ಅದರ ಮೇಲಿನ ಅನುಮಾನವೂ ನಿವಾರಣೆಯಾಗುತ್ತದೆ. ಹಾಗೆಂದು ನಿಮ್ಮ ಲಸಿಕೆಯನ್ನು 10 ದಿನ ಮುಂದೂಡುವಂತಿಲ್ಲ.

ಆಶ್ರಯತಾಣಕ್ಕೆ ಕರೆ ಮಾಡುವಾಗ ಯಾವ ಮಾಹಿತಿ ಕೈಯಲ್ಲಿರಬೇಕು?

ಪ್ರಾಣಿ ಕಂಡ ನಿಖರ ಜಾಗ ಮತ್ತು ಹೊತ್ತು, ಅದರ ಗಾತ್ರ, ಬಣ್ಣ, ಗಂಡೋ ಹೆಣ್ಣೋ, ನಡೆಯುತ್ತಿದೆಯೋ ಇಲ್ಲವೋ, ರಕ್ತಸ್ರಾವ ಅಥವಾ ಉಸಿರಾಟದ ತೊಂದರೆ ಇದೆಯೋ, ಈಗ ಅದು ನಿಮ್ಮ ಹತೋಟಿಯಲ್ಲಿದೆಯೋ ಇಲ್ಲವೋ, ಇಷ್ಟು ಸಾಕು. ಸ್ಪಷ್ಟವಾದ ಎರಡು ಚಿತ್ರ ಕಳುಹಿಸಿದರೆ ಸಿಬ್ಬಂದಿ ತುರ್ತನ್ನು ಅಳೆಯಬಲ್ಲರು.

ಮೈಕ್ರೋಚಿಪ್ ಇದ್ದರೆ ಯಜಮಾನರು ಸಿಕ್ಕಿದಂತೆಯೇ ಅಲ್ಲವೇ?

ಅರ್ಧ ದಾರಿ ಸಾಗಿದಂತೆ. ಮೈಕ್ರೋಚಿಪ್ ಎಂದರೆ ಅಕ್ಕಿಕಾಳಿನಷ್ಟು ದೊಡ್ಡದಾದ, ಚರ್ಮದಡಿ ಸೂಜಿಯಿಂದ ಇಳಿಸುವ ಸಾಧನ. ಅದರಲ್ಲಿ ಬ್ಯಾಟರಿಯಿಲ್ಲ, ಅದು ಪ್ರಾಣಿ ಎಲ್ಲಿದೆಯೆಂದು ತೋರಿಸುವುದೂ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಒಂದು ಸಂಖ್ಯೆಯನ್ನು ಮಾತ್ರ ಕೊಡುತ್ತದೆ, ಅಂತರರಾಷ್ಟ್ರೀಯ ಮಾನದಂಡದ ಚಿಪ್‌ಗಳಲ್ಲಿ ಈ ಸಂಖ್ಯೆ 15 ಅಂಕಿಗಳದ್ದು. ಆ ಸಂಖ್ಯೆಯನ್ನು ನೋಂದಣಿ ದತ್ತಾಂಶದಲ್ಲಿ ಹುಡುಕಿದಾಗ ಯಜಮಾನರ ಹೆಸರು, ದೂರವಾಣಿ ಸಿಗಬೇಕು. ತೊಡಕು ಇರುವುದೇ ಅಲ್ಲಿ: ಚಿಪ್ ಹಾಕಿಸಿದವರು ನೋಂದಾಯಿಸಿರುವುದಿಲ್ಲ, ಅಥವಾ ಮನೆ ಬದಲಿಸಿ ದೂರವಾಣಿ ಬದಲಾದರೂ ದಾಖಲೆ ತಿದ್ದಿರುವುದಿಲ್ಲ. ಚಿಪ್ಪನ್ನು ಹೆಗಲುಗಳ ನಡುವೆ ಹಾಕಿದ್ದರೂ ಕಾಲಕ್ರಮೇಣ ಅದು ಪಕ್ಕಕ್ಕೋ ಮುಂಗಾಲಿನತ್ತಲೋ ಜರುಗುವುದುಂಟು. ಆದ್ದರಿಂದ ಸ್ಕ್ಯಾನ್ ಮಾಡುವವರು ಕತ್ತಿನಿಂದ ಎದೆ, ಮುಂಗಾಲುಗಳವರೆಗೆ ನಿಧಾನವಾಗಿ, ಒಂದಕ್ಕಿಂತ ಹೆಚ್ಚು ಸಲ ಪರೀಕ್ಷಿಸಬೇಕು. ನೀವು ಪ್ರಾಣಿಯನ್ನು ಆಶ್ರಯತಾಣಕ್ಕೆ ಒಪ್ಪಿಸದೆ ನಿಮ್ಮಲ್ಲೇ ಇಟ್ಟುಕೊಂಡಿದ್ದರೂ ಸ್ಕ್ಯಾನ್ ಮಾಡಿಸುವುದನ್ನು ತಪ್ಪಿಸಬೇಡಿ.

ಯಜಮಾನರನ್ನು ಹುಡುಕುವಾಗ ಯಾವ ಎಚ್ಚರಿಕೆ ಬೇಕು?

ಸಿಕ್ಕ ಜಾಗದ ಆಸುಪಾಸಿನಿಂದಲೇ ಹುಡುಕಾಟ ಶುರುವಾಗಲಿ. ವಿಶೇಷವಾಗಿ ಬೆಕ್ಕುಗಳು ಹೆಚ್ಚು ದೂರ ಹೋಗುವುದಿಲ್ಲ. ಕಳೆದುಹೋದ ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮತ್ತೆ ಸಿಕ್ಕ ಬೆಕ್ಕುಗಳಲ್ಲಿ ಸುಮಾರು 75 ಪ್ರತಿಶತ, ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಸಿಕ್ಕಿದ್ದವು. ಅಂದರೆ ನಿಮ್ಮ ಬಾಗಿಲಿಗೆ ಬಂದ ಹೊಸ ಬೆಕ್ಕು ಪಕ್ಕದ ಬೀದಿಯದೇ ಆಗಿರಬಹುದು, ಕಳೆದುಹೋಗದೆ ಸುಮ್ಮನೆ ಸುತ್ತಾಡಲು ಬಂದದ್ದೂ ಆಗಿರಬಹುದು. ಅದರ ಕತ್ತಿಗೆ ಸಡಿಲವಾದ ಕಾಗದದ ಪಟ್ಟಿ ಕಟ್ಟಿ, "ಈ ಬೆಕ್ಕು ನಿಮ್ಮದೇ?" ಎಂದು ದೂರವಾಣಿ ಸಂಖ್ಯೆಯೊಂದಿಗೆ ಬರೆದು ಕಳುಹಿಸಿದರೆ ಎಷ್ಟೋ ಸಲ ಸಂಜೆಯೊಳಗೆ ಉತ್ತರ ಬರುತ್ತದೆ.

ಪ್ರಕಟಣೆಯಲ್ಲಿ ಎಲ್ಲವನ್ನೂ ಹೇಳಬೇಡಿ. ಹೊಟ್ಟೆಯ ಮೇಲಿನ ಮಚ್ಚೆ, ಹಳೆಯ ಗಾಯದ ಕಲೆ, ಕತ್ತುಪಟ್ಟಿಯ ಬಣ್ಣ, ಇಂಥ ಒಂದು ಗುರುತನ್ನಾದರೂ ಬಚ್ಚಿಟ್ಟುಕೊಂಡು, ತಮ್ಮದೆಂದು ಬಂದವರನ್ನು ಅದರ ಬಗ್ಗೆ ಕೇಳಿ. ಹಳೆಯ ಚಿತ್ರಗಳು, ಪಶುವೈದ್ಯರ ದಾಖಲೆ, ಚಿಪ್ ಸಂಖ್ಯೆ ಉತ್ತಮ ಸಾಕ್ಷ್ಯಗಳು. ಯಜಮಾನರನ್ನು ಕಂಡ ಪ್ರಾಣಿಯ ಸಂಭ್ರಮವೂ ಒಂದು ಸಾಕ್ಷ್ಯ ನಿಜ, ಆದರೆ ಸ್ನೇಹಪರ ನಾಯಿ ಎಲ್ಲರನ್ನೂ ಕಂಡು ಕುಣಿಯುತ್ತದೆ.

ಪ್ರಾಣಿ ನನಗೆ ಸಿಕ್ಕಿತು, ನಾನೇ ಇಟ್ಟುಕೊಳ್ಳಬಹುದಲ್ಲವೇ?

ಕೂಡಲೇ ಅಲ್ಲ. ಸಾಕುಪ್ರಾಣಿ ಕಾನೂನಿನ ಕಣ್ಣಿನಲ್ಲಿ ಸಾಮಾನ್ಯವಾಗಿ ಸ್ವತ್ತು, ಆದ್ದರಿಂದ ಸಿಕ್ಕಿದವರದ್ದು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅನೇಕ ಕಡೆ, ಸಿಕ್ಕ ಪ್ರಾಣಿಯನ್ನು ಯಜಮಾನರಿಗಾಗಿ ಇಷ್ಟು ದಿನ ಕಾಯ್ದಿರಿಸಬೇಕೆಂಬ ನಿಯಮವಿದೆ, ಆ ಅವಧಿ ಊರಿಂದ ಊರಿಗೆ ಬೇರೆ. ನೀವೇ ಇಟ್ಟುಕೊಳ್ಳುವ ಆಸೆಯಿದ್ದರೆ ಸಿಕ್ಕ ದಿನವೇ ಆಶ್ರಯತಾಣದಲ್ಲಿ ವರದಿ ದಾಖಲಿಸಿ, ಕಾಯುವ ಅವಧಿ ಮುಗಿದ ಮೇಲೆ ದತ್ತು ಪಡೆಯಲು ನಿಮ್ಮ ಹೆಸರನ್ನು ಮೊದಲೇ ಬರೆಸಿಡಿ. ಇದಕ್ಕೆ ಒಪ್ಪುವ ಆಶ್ರಯತಾಣಗಳು ಸಾಕಷ್ಟಿವೆ.

ಆಶ್ರಯತಾಣದೊಳಗೆ ಹೋದ ಪ್ರಾಣಿಗೆ ಮೊದಲ ದಿನಗಳಲ್ಲಿ ಏನಾಗುತ್ತದೆ?

ತೂಕ, ವಯಸ್ಸಿನ ಅಂದಾಜು, ಗಾಯ, ಚರ್ಮ, ಹಲ್ಲುಗಳ ಪರೀಕ್ಷೆ, ಚಿಪ್ ಹುಡುಕಾಟ, ಚಿತ್ರ ಸಹಿತ ದಾಖಲೆ, ಜಂತುಹುಳು ಮತ್ತು ಉಣ್ಣೆ, ಚಿಗಟಗಳಿಗೆ ಔಷಧ ಇವು ಮೊದಲ ಹಂತ. ಉತ್ತಮ ಆಶ್ರಯತಾಣದಲ್ಲಿ ಸಾಂಕ್ರಾಮಿಕ ರೋಗಗಳ ಲಸಿಕೆಯನ್ನು ನಾಳೆಗೆಂದು ಬಿಡದೆ ಬಾಗಿಲಲ್ಲೇ ಹಾಕುತ್ತಾರೆ. ಮರಿಗಳಿಗೆ ಅದನ್ನು 2ರಿಂದ 4 ವಾರಗಳಿಗೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕಬೇಕಾಗುತ್ತದೆ. ತಾಯಿಯಿಂದ ಬಂದ ರೋಗನಿರೋಧಕ ಅಂಶಗಳು ರಕ್ತದಲ್ಲಿ ಇರುವಷ್ಟು ದಿನ ಲಸಿಕೆ ಹತ್ತುವುದಿಲ್ಲ, ಅವು ಯಾವ ದಿನ ಇಳಿಯುತ್ತವೆಂದು ಯಾರಿಗೂ ಗೊತ್ತಿರುವುದಿಲ್ಲ, ಅದಕ್ಕಾಗಿಯೇ ಈ ಪುನರಾವರ್ತನೆ.

ಹೊಸದಾಗಿ ಬಂದವನ್ನು ಬೇರೆಯಾಗಿ ಇಡುವುದನ್ನು ನೋಡಿ ಕೆಲವರು ನೊಂದುಕೊಳ್ಳುತ್ತಾರೆ. ಅದಕ್ಕೆ ಕಾರಣವಿದೆ: ಪಾರ್ವೋ ಎಂಬ ಮಾರಕ ವಾಂತಿಭೇದಿ ರೋಗ ತಗಲಿದ ನಾಯಿಮರಿ ಮೂರರಿಂದ ಏಳು ದಿನ, ಕೆಲವೊಮ್ಮೆ ಎರಡು ವಾರದವರೆಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಅದರ ಮಲದಲ್ಲಿ ಹೊರಬಂದ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು, ಮತ್ತು ಆಲ್ಕೊಹಾಲ್ ಇರುವ ಕೈ ಸ್ಯಾನಿಟೈಸರ್‌ಗೆ ಜಗ್ಗುವುದಿಲ್ಲ. ಒಂದು ಮರಿಯ ಮೇಲಿನ ಕನಿಕರಕ್ಕೆ ಮಣಿದು ಪ್ರತ್ಯೇಕವಾಸ ಮುರಿದರೆ ಇಡೀ ಕೊಠಡಿಯ ಮರಿಗಳು ಸಾಯಬಹುದು. "ಮುಟ್ಟಬೇಡಿ" ಎಂಬ ಫಲಕ ಕಂಡಲ್ಲಿ ದಯವಿಟ್ಟು ಕೈ ಚಾಚಬೇಡಿ.

ಎಲುಬು ಬಿಟ್ಟುಕೊಂಡ ಪ್ರಾಣಿಗೆ ಹೊಟ್ಟೆ ತುಂಬ ಉಣಿಸಿದರೆ ತಪ್ಪೇನು?

ಅದರಿಂದಲೇ ಪ್ರಾಣ ಹೋಗಬಹುದು. ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಬಿದ್ದಾಗ ಇನ್ಸುಲಿನ್ ಏರಿ, ರಕ್ತದಲ್ಲಿರುವ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ಅಂಶಗಳು ಜೀವಕೋಶಗಳೊಳಕ್ಕೆ ಸೆಳೆಯಲ್ಪಡುತ್ತವೆ, ರಕ್ತದಲ್ಲಿ ಅವುಗಳ ಮಟ್ಟ ಕುಸಿದು ಹೃದಯ ಮತ್ತು ಸ್ನಾಯುಗಳು ಸೋಲುತ್ತವೆ. ತೀರಾ ಸೊರಗಿದ ಪ್ರಾಣಿಗೆ ನೀರು ಕೊಟ್ಟು, ಸ್ವಲ್ಪ ಸ್ವಲ್ಪವೇ ಆಹಾರವನ್ನು ದಿನಕ್ಕೆ ಹಲವು ಬಾರಿ ಕೊಡಬೇಕು, ಪ್ರಮಾಣವನ್ನು ಪಶುವೈದ್ಯರು ಹೇಳಿದಂತೆ ಕೆಲವು ದಿನಗಳಲ್ಲಿ ಏರಿಸಬೇಕು. ಮನೆಯ ಔಷಧದ ಪೆಟ್ಟಿಗೆಯನ್ನಂತೂ ತೆರೆಯಲೇಬೇಡಿ. ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ನಾಯಿಯ ಉಣ್ಣೆಗೆಂದು ಮಾಡಿದ ಪರ್ಮೆಥ್ರಿನ್ ಔಷಧ ಬೆಕ್ಕಿಗೆ ವಿಷ.

ತಾಯಿಯಿಲ್ಲದ ಮರಿಗಳು ಕಂಡರೆ ಕೂಡಲೇ ಎತ್ತಿಕೊಳ್ಳಬೇಕೇ?

ಮರಿಗಳು ಅಪಾಯದ ಜಾಗದಲ್ಲಿ ಇಲ್ಲದಿದ್ದರೆ, ತಣ್ಣಗಾಗಿರದಿದ್ದರೆ, ಮೊದಲು ಕಾಯಬೇಕು. ಇದು ಹೇಳಲು ಸುಲಭ, ಪಾಲಿಸಲು ಕಷ್ಟ. ತಾಯಿ ಆಹಾರ ಅರಸಿ ಹೋಗಿರುತ್ತಾಳೆ, ಅಥವಾ ಮರಿಗಳನ್ನು ಒಂದೊಂದಾಗಿ ಬೇರೆಡೆಗೆ ಸಾಗಿಸುತ್ತಿರುತ್ತಾಳೆ, ಇಲ್ಲವೇ ನೀವು ಅಲ್ಲಿ ನಿಂತಿರುವುದರಿಂದಲೇ ಮರೆಯಲ್ಲಿ ಅಡಗಿರುತ್ತಾಳೆ. ದೂರ ಸರಿದು ಕೆಲವು ಗಂಟೆ ಗಮನಿಸಿ. ಹೊಟ್ಟೆ ತುಂಬಿ ಗುಂಪಾಗಿ ಬೆಚ್ಚಗೆ ಮಲಗಿರುವ ಮರಿಗಳಿಗೆ ತಾಯಿ ಇದ್ದಾಳೆಂದೇ ಅರ್ಥ. ಮೈ ಕೊಳೆಯಾಗಿ, ಬಿಡದೆ ಅಳುತ್ತಿರುವ ಮರಿಗಳಿಗೆ ನೆರವು ಬೇಕು. ನಾವು ಬಾಟಲಿಯಲ್ಲಿ ಕೊಡುವ ಹಾಲು ಎಷ್ಟೇ ಉತ್ತಮವಾಗಿದ್ದರೂ ತಾಯಿಯ ಹಾಲಿಗೆ, ನೆಕ್ಕುವಿಕೆಗೆ, ಶಾಖಕ್ಕೆ ಸಮನಲ್ಲ.

ತಾಯಿ ಬಾರದಿದ್ದರೆ, ಮೊದಲು ಬೇಕಾದದ್ದು ಶಾಖ, ಹಾಲು ಆಮೇಲೆ. ಎಳೆಯ ಮರಿಗಳಿಗೆ ತಮ್ಮ ಮೈಯ ಶಾಖವನ್ನು ತಾವೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ, ತಣ್ಣಗಾದ ಮರಿಯ ಕರುಳು ಕೆಲಸವನ್ನೇ ನಿಲ್ಲಿಸಿರುತ್ತದೆ, ಆಗ ಹಾಕಿದ ಹಾಲು ಜೀರ್ಣವಾಗದೆ ಹಾನಿ ಮಾಡುತ್ತದೆ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪೆಟ್ಟಿಗೆಯ ಒಂದು ಬದಿಯಲ್ಲಿಟ್ಟು, ಶಾಖ ಹೆಚ್ಚಾದರೆ ಮರಿ ತೆವಳಿ ದೂರ ಸರಿಯಲು ಇನ್ನೊಂದು ಬದಿಯನ್ನು ಬಿಡಿ. ಹಸುವಿನ ಹಾಲಿನಿಂದ ಭೇದಿಯಾಗುತ್ತದೆ, ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಬೇಕು. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ, ಹೊಟ್ಟೆ ಕೆಳಗಾಗಿ ಮಲಗಿಸಿಯೇ ಕುಡಿಸಬೇಕು. ಮೊದಲ ವಾರಗಳಲ್ಲಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯಲ್ಲಿಯೂ, ಹಾಲು ಬೇಕು. ಹಾಲು ಕುಡಿಸುವ ಮೊದಲು ಇಲ್ಲವೇ ಆಮೇಲೆ ತಾಯಿ ನೆಕ್ಕುವಂತೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಒರೆಸದಿದ್ದರೆ ಮೂರು ವಾರದೊಳಗಿನ ಮರಿ ತಾನಾಗಿ ಮಲಮೂತ್ರ ಮಾಡಲಾರದು. ವಯಸ್ಸು ಅಂದಾಜಿಸಲು ಒಂದು ದಾರಿ: ಬೆಕ್ಕಿನ ಮರಿಯ ಕಣ್ಣು 7ರಿಂದ 14 ದಿನಗಳಲ್ಲಿ ತೆರೆಯುತ್ತದೆ, ಮುಂದಿನ ಪುಟ್ಟ ಹಲ್ಲುಗಳು ಮೂರನೆಯ ವಾರದ ಹೊತ್ತಿಗೆ ಮೂಡುತ್ತವೆ. ಇಷ್ಟು ಎಳೆಯ ಮರಿಗಳನ್ನು ಬದುಕಿಸುವುದು ಅನುಭವಿಗಳಿಗೂ ಸುಲಭವಲ್ಲ. ನೀವು ಎಲ್ಲವನ್ನೂ ಸರಿಯಾಗಿ ಮಾಡಿಯೂ ಒಂದು ಮರಿ ಉಳಿಯದೆ ಹೋದರೆ ಅದು ನಿಮ್ಮ ತಪ್ಪಲ್ಲ.

ಆಶ್ರಯತಾಣದವರು ಜಾಗವಿಲ್ಲ ಎನ್ನುತ್ತಾರೆ. ಕರುಣೆಯಿಲ್ಲದೆ ಹಾಗೆ ಹೇಳುತ್ತಾರೆಯೇ?

ಇಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಒಳಗಿರುವ ಪ್ರಾಣಿಗಳ ಮೇಲಿನ ಕಾಳಜಿಯಿಂದಲೇ ಹಾಗೆ ಹೇಳುತ್ತಾರೆ. ಗೂಡುಗಳ ಎಣಿಕೆಯಷ್ಟೇ ಜಾಗವಲ್ಲ, ದಿನಕ್ಕೆ ಎಷ್ಟು ಪ್ರಾಣಿಗಳನ್ನು ಸಿಬ್ಬಂದಿ ತೊಳೆದು, ಉಣಿಸಿ, ನಡೆದಾಡಿಸಿ, ಚಿಕಿತ್ಸೆ ಕೊಡಬಲ್ಲರು ಎಂಬುದೇ ನಿಜವಾದ ಅಳತೆ. ಅದನ್ನು ಮೀರಿ ತುಂಬಿಸಿದಾಗ ರೋಗ ಹರಡುತ್ತದೆ, ಜಗಳ ಹೆಚ್ಚುತ್ತದೆ, ಶಾಂತ ಪ್ರಾಣಿಗಳೂ ಕೆರಳುತ್ತವೆ. 1860ರಲ್ಲಿ ಮೇರಿ ಟೀಲ್ಬಿ ಎಂಬ ಮಹಿಳೆ ಲಂಡನ್ನಿನಲ್ಲಿ ಸ್ಥಾಪಿಸಿ, ಇಂದು ಬ್ಯಾಟರ್‌ಸೀ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಆಶ್ರಯತಾಣದ ಮೊದಲ ಹೆಸರು ಕಳೆದುಹೋದ ಮತ್ತು ಹಸಿದ ನಾಯಿಗಳ ತಾತ್ಕಾಲಿಕ ಮನೆ ಎಂದಿತ್ತು. ಆ ಹೆಸರಿನ "ತಾತ್ಕಾಲಿಕ" ಎಂಬ ಪದವನ್ನು ನಾವು ಮರೆಯಬಾರದು. ಗೂಡಿನಲ್ಲಿ ತಿಂಗಳುಗಳನ್ನು ಕಳೆದ ನಾಯಿ ಸುತ್ತಿದಲ್ಲೇ ಸುತ್ತುವ, ಬೊಗಳಿ ಬೊಗಳಿ ದಣಿಯುವ ಸ್ಥಿತಿಗೆ ಬರುವುದನ್ನು ಕಂಡವರಿಗೆ, ಪ್ರಾಣಿಯನ್ನು ಬೇಗ ಹೊರಗೆ ಕಳುಹಿಸುವುದು ಒಳಗೆ ಸೇರಿಸಿಕೊಳ್ಳುವುದರಷ್ಟೇ ಮುಖ್ಯ ಎಂಬುದು ಅರ್ಥವಾಗುತ್ತದೆ.

ಜಾಗವಿಲ್ಲವೆಂದಾಗ ನೀವು ಕೇಳಬೇಕಾದ ಪ್ರಶ್ನೆ ಬೇರೆ: "ನಾನು ಕೆಲವು ವಾರ ಮನೆಯಲ್ಲಿ ಇಟ್ಟುಕೊಂಡರೆ, ನೀವು ಲಸಿಕೆ, ಚಿಕಿತ್ಸೆ ಮತ್ತು ದತ್ತು ಪ್ರಕಟಣೆಯಲ್ಲಿ ನೆರವಾಗುತ್ತೀರಾ?" ಇದನ್ನು ಪೋಷಕ ಮನೆಯ ವ್ಯವಸ್ಥೆ ಎನ್ನುತ್ತಾರೆ. ಎಳೆಯ ಮರಿಗಳಿಗೆ, ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವಕ್ಕೆ, ಗದ್ದಲಕ್ಕೆ ಕುಗ್ಗುವ ಪ್ರಾಣಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನಾಯಿಮರಿಗಳು ಮೂರರಿಂದ ಸುಮಾರು ಹದಿನಾಲ್ಕು ವಾರಗಳ ನಡುವೆ, ಬೆಕ್ಕಿನ ಮರಿಗಳು ಎರಡರಿಂದ ಏಳು ವಾರಗಳ ನಡುವೆ ಮನುಷ್ಯರನ್ನು, ಮನೆಯ ಸದ್ದುಗಳನ್ನು ಹೆದರದೆ ಸ್ವೀಕರಿಸಲು ಕಲಿಯುತ್ತವೆ, ಆ ದಿನಗಳು ಗೂಡಿನಲ್ಲಿ ಕಳೆದುಹೋದರೆ ಮತ್ತೆ ಬರುವುದಿಲ್ಲ.

ಮನೆಯಲ್ಲಿ ಈಗಾಗಲೇ ಪ್ರಾಣಿಗಳಿವೆ. ಪೋಷಕರಾಗಬಹುದೇ?

ಬಾಗಿಲು ಹಾಕಬಹುದಾದ ಪ್ರತ್ಯೇಕ ಕೋಣೆಯಿದ್ದರೆ ಆಗಬಹುದು. ನಿಮ್ಮ ಪ್ರಾಣಿಗಳ ಲಸಿಕೆ ಪೂರ್ಣಗೊಂಡಿರಲಿ, ಹೊಸದನ್ನು ಎರಡು ವಾರ ಬೇರೆಯಾಗಿಡಿ, ಬಟ್ಟಲು ಮತ್ತು ಹಾಸಿಗೆ ಬೇರೆ ಇರಲಿ, ಅದನ್ನು ಮುಟ್ಟಿದ ಮೇಲೆ ಕೈ ತೊಳೆದು ಬಟ್ಟೆ ಬದಲಿಸಿ. ಗಜಕರ್ಣ ಮತ್ತು ಕೆಲವು ಬಗೆಯ ಕಜ್ಜಿ ಮನುಷ್ಯರಿಗೂ ಅಂಟುತ್ತವೆ.

ಮನುಷ್ಯರ ಹತ್ತಿರ ಸುಳಿಯದ ಬೆಕ್ಕುಗಳನ್ನೂ ಆಶ್ರಯತಾಣಕ್ಕೆ ತರಬೇಕೇ?

ಬೇಡ. ಎಳವೆಯಲ್ಲಿ ಮನುಷ್ಯರ ಸಹವಾಸವಿಲ್ಲದೆ ಬೆಳೆದ ಬೆಕ್ಕಿಗೆ ಗೂಡು ಸೆರೆಮನೆ. ಅದು ಮೂಲೆಯಲ್ಲಿ ಅಂಟಿಕೊಂಡು ಉಣ್ಣುವುದನ್ನೇ ಬಿಡುತ್ತದೆ, ಯಾರೂ ಅದನ್ನು ದತ್ತು ಪಡೆಯುವುದಿಲ್ಲ. ಇಂಥ ಬೆಕ್ಕುಗಳನ್ನು ಬೋನಿನಲ್ಲಿ ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಮರಳಿ ಬಿಡುವ ಪದ್ಧತಿ ಹಲವು ದೇಶಗಳಲ್ಲಿದೆ. ಅರಿವಳಿಕೆಯಲ್ಲಿರುವಾಗಲೇ ಒಂದು ಕಿವಿಯ ತುದಿಯನ್ನು ನೇರವಾಗಿ ಕತ್ತರಿಸುತ್ತಾರೆ, ದೂರದಿಂದಲೇ ಗುರುತಿಸಿ ಮತ್ತೆ ಹಿಡಿಯದಿರಲೆಂದು. ಕಿವಿಯ ತುದಿ ಚಪ್ಪಟೆಯಾಗಿರುವ ಬೆಕ್ಕನ್ನು ಕಂಡರೆ ಯಾರೋ ಅದರ ಕಾಳಜಿ ವಹಿಸಿದ್ದಾರೆಂದು ತಿಳಿಯಿರಿ. ಆದರೆ ಬೋನಿನಲ್ಲಿ ಬುಸುಗುಟ್ಟಿದ ಮಾತ್ರಕ್ಕೆ ಅದು ಕಾಡುಸ್ವಭಾವದ್ದು ಎನ್ನಲಾಗದು. ಕಳೆದುಹೋದ ಸಾಕುಬೆಕ್ಕೂ ಹೆದರಿದಾಗ ಹಾಗೆಯೇ ಮಾಡುತ್ತದೆ, ಎರಡು ಮೂರು ದಿನ ಸಮಯ ಕೊಟ್ಟು ನೋಡಬೇಕು.

ದತ್ತು ಕೊಡುವ ಮೊದಲು ಸಂತಾನಹರಣ ಮಾಡಿಸಲೇಬೇಕೆಂಬ ಹಟವೇಕೆ?

ಬೆಕ್ಕು ನಾಲ್ಕು ತಿಂಗಳ ವಯಸ್ಸಿಗೇ ಗರ್ಭ ಧರಿಸಬಲ್ಲದು, ಮರಿಗಳಿಗೆ ಹಾಲೂಡುತ್ತಿರುವಾಗಲೇ ಮತ್ತೆ ಬಸಿರಾಗಬಲ್ಲದು, ನಾಯಿ ಬೆಕ್ಕುಗಳೆರಡರ ಗರ್ಭಾವಧಿಯೂ ಸುಮಾರು ಒಂಬತ್ತು ವಾರ ಮಾತ್ರ. ಮುಂದೆ ಮಾಡಿಸುತ್ತೇವೆಂದು ಪ್ರಾಮಾಣಿಕವಾಗಿಯೇ ಮಾತು ಕೊಟ್ಟವರ ಮನೆಯಿಂದ ಮರಿಗಳ ಬುಟ್ಟಿ ಅದೇ ಆಶ್ರಯತಾಣಕ್ಕೆ ಬರುವುದುಂಟು. ಸೂಕ್ತ ತೂಕವಿರುವ ಆರೋಗ್ಯವಂತ ಮರಿಗಳಿಗೆ ಎಂಟು ವಾರದ ವಯಸ್ಸಿನಿಂದಲೂ ಈ ಶಸ್ತ್ರಚಿಕಿತ್ಸೆಯನ್ನು ಸುರಕ್ಷಿತವಾಗಿ ಮಾಡುವ ಪರಿಪಾಠ ಆಶ್ರಯತಾಣಗಳಲ್ಲಿದೆ.

ದತ್ತು ಪಡೆಯಲು ಬಂದವರನ್ನು ಇಷ್ಟೊಂದು ಪ್ರಶ್ನೆ ಕೇಳುವುದೇಕೆ?

ಮನೆ ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಇದೆಯೇ, ಮನೆಮಂದಿಯಲ್ಲಿ ಯಾರಿಗಾದರೂ ಅಲರ್ಜಿ ಇದೆಯೇ, ಹಗಲಿಡೀ ಯಾರಿರುತ್ತಾರೆ, ಚಿಕಿತ್ಸೆಯ ಖರ್ಚು ಭರಿಸಲು ಸಾಧ್ಯವೇ ಎಂದು ಕೇಳುವುದು ನಿಮ್ಮನ್ನು ಅನುಮಾನಿಸಲು ಅಲ್ಲ, ಹೊಂದುವ ಪ್ರಾಣಿಯನ್ನು ಸೂಚಿಸಲು. ಹಾಗಿದ್ದರೂ, ಕೆಲವು ಕಡೆ ಪ್ರಶ್ನೆಗಳು ವಿಚಾರಣೆಯ ರೂಪ ತಾಳುತ್ತವೆ ಎಂಬ ದೂರಿನಲ್ಲಿ ಹುರುಳಿದೆ. ಅಂಗಳವಿಲ್ಲ ಎಂಬ ಒಂದೇ ಕಾರಣಕ್ಕೆ, ದಿನಕ್ಕೆ ಎರಡು ಬಾರಿ ನಾಯಿಯನ್ನು ನಡೆದಾಡಿಸಲು ಸಿದ್ಧರಿರುವ ಕುಟುಂಬವನ್ನು ಹಿಂದೆ ಕಳುಹಿಸುವುದು ಪ್ರಾಣಿಗೇ ಮಾಡುವ ಅನ್ಯಾಯ. ಕುಳಿತು ಮಾತಾಡಿ ಅರಿಯುವ ಪದ್ಧತಿ, ಚೆಕ್‌ಲಿಸ್ಟ್ ಹಿಡಿದು ತಿರಸ್ಕರಿಸುವ ಪದ್ಧತಿಗಿಂತ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ನನಗೆ ಯಾವ ಪ್ರಾಣಿ ಸರಿ?

ಮುಖ ನೋಡಿ ಆರಿಸಬೇಡಿ, ನಿಮ್ಮ ದಿನಚರಿ ನೋಡಿ ಆರಿಸಿ. ಎಲ್ಲರೂ ಮರಿಯನ್ನೇ ಕೇಳುತ್ತಾರೆ, ಆದರೆ ಮರಿಗೆ ದಿನವಿಡೀ ಒಬ್ಬರು ಬೇಕು, ದೊಡ್ಡದಾದ ಮೇಲೆ ಅದು ಹೇಗಾಗುತ್ತದೆಂದು ಊಹಿಸುವುದೂ ಕಷ್ಟ. ಆರೇಳು ವರ್ಷದ ನಾಯಿಯ ಗಾತ್ರ, ಸ್ವಭಾವ, ಮಕ್ಕಳ ಜೊತೆಗಿನ ನಡವಳಿಕೆ ಎಲ್ಲ ಕಣ್ಣ ಮುಂದೆ ಇರುತ್ತವೆ. ಕೆಲಸಕ್ಕೆ ಹೋಗುವವರಿಗೆ ವಯಸ್ಸಾದ ಪ್ರಾಣಿ ಎಷ್ಟೋ ಸಲ ಹೆಚ್ಚು ಹೊಂದುತ್ತದೆ, ಗೂಡಿನಲ್ಲಿ ಎಲ್ಲರಿಗಿಂತ ಹೆಚ್ಚು ದಿನ ಕಾಯುವವೂ ಅವೇ. ಫಲಕದ ಮೇಲೆ ಬರೆದ ತಳಿಯ ಹೆಸರಿಗೆ ಹೆಚ್ಚು ಬೆಲೆ ಕೊಡಬೇಡಿ. ಮಿಶ್ರ ತಳಿಯ ನಾಯಿಯನ್ನು ನೋಡಿ ತಳಿ ಹೇಳುವುದು ಪಶುವೈದ್ಯರಿಗೂ ಆಗದ ಮಾತು ಎಂದು ಡಿಎನ್‌ಎ ಪರೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಗೂಡಿನೊಳಗಿನ ನಡವಳಿಕೆಯೂ ಪೂರ್ತಿ ನಿಜವಲ್ಲ, ಹಿಂದೆ ಸರಿದು ಮುದುಡಿರುವ ನಾಯಿ ಹೊರಗೆ ಹತ್ತು ನಿಮಿಷ ನಡೆದಾಡಿದರೆ ಬೇರೆಯೇ ಪ್ರಾಣಿಯಾಗಿ ಕಾಣಬಹುದು. ಅದನ್ನು ಪೋಷಿಸಿದವರ, ದಿನವೂ ಉಣಿಸಿದವರ ಮಾತನ್ನು ಕೇಳಿ.

ಮನೆಗೆ ಬಂದ ಮೊದಲ ದಿನಗಳಲ್ಲಿ ಹೇಗಿರಬೇಕು?

ಸಂಭ್ರಮವನ್ನು ತಡೆಹಿಡಿದುಕೊಳ್ಳಿ. ನೆಂಟರಿಷ್ಟರನ್ನು ಕರೆಯಬೇಡಿ, ಮೈ ತೊಳೆಯುವ ಆತುರ ಬೇಡ. ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ಆಶ್ರಯತಾಣದವರು ಹೇಳುವ ಲೆಕ್ಕ ನಿಯಮವಲ್ಲದಿದ್ದರೂ ಅನುಭವಕ್ಕೆ ಹತ್ತಿರ: ಮೊದಲ ಮೂರು ದಿನ ಭಯ, ಮೂರು ವಾರದಲ್ಲಿ ದಿನಚರಿಯ ಪರಿಚಯ, ಮೂರು ತಿಂಗಳಿಗೆ ಇದು ನನ್ನ ಮನೆ ಎಂಬ ಭಾವ. ಹೊಸ ನಾಯಿಗಳು ತಪ್ಪಿಸಿಕೊಳ್ಳುವ ಅಪಾಯ ಹೆಚ್ಚಿರುವುದೂ ಈ ಮೊದಲ ದಿನಗಳಲ್ಲೇ, ಆದ್ದರಿಂದ ಕತ್ತುಪಟ್ಟಿಗೊಂದು, ಎದೆಪಟ್ಟಿಗೊಂದು ಹೀಗೆ ಎರಡು ಹಗ್ಗ ಕಟ್ಟಿಯೇ ಹೊರಗೆ ಕರೆದೊಯ್ಯಿರಿ, ಚಿಪ್ಪಿನ ನೋಂದಣಿಯನ್ನು ಅಂದೇ ನಿಮ್ಮ ಹೆಸರಿಗೆ ಬದಲಿಸಿ. ಬೆಕ್ಕಿಗೆ ಮೊದಲು ಒಂದೇ ಕೋಣೆ ಸಾಕು, ಮಂಚದಡಿ ಎರಡು ದಿನ ಕುಳಿತರೆ ಎಳೆದು ತೆಗೆಯಬೇಡಿ. ಆದರೆ ಒಂದು ದಿನಕ್ಕಿಂತ ಹೆಚ್ಚು ಏನನ್ನೂ ತಿನ್ನದಿದ್ದರೆ ಪಶುವೈದ್ಯರಿಗೆ ತಿಳಿಸಿ, ಉಪವಾಸ ಬಿದ್ದ ಬೆಕ್ಕಿನ ಯಕೃತ್ತು ಬೇಗ ಕೆಡುತ್ತದೆ. ಮನೆಯ ಹಳೆಯ ಬೆಕ್ಕಿಗೆ ಹೊಸದರ ಪರಿಚಯ ಮೊದಲು ವಾಸನೆಯಿಂದ ಆಗಲಿ: ಹಾಸಿಗೆಯ ಬಟ್ಟೆಗಳನ್ನು ಅದಲುಬದಲು ಮಾಡಿ, ಮುಚ್ಚಿದ ಬಾಗಿಲಿನ ಎರಡು ಬದಿಯಲ್ಲಿ ಊಟ ಹಾಕಿ, ಆಮೇಲೆ ಸಂದಿಯಿಂದ ನೋಟ. ನಾಯಿಗಳಾದರೆ ಎರಡಕ್ಕೂ ಹೊಸದಾದ ಬಯಲಿನಲ್ಲಿ ಸಮಾನಾಂತರವಾಗಿ ನಡೆದಾಡಿಸಿ ಜೊತೆಗೂಡಿಸುವುದು ಉತ್ತಮ.

ಹೊಂದಿಕೆಯಾಗದಿದ್ದರೆ ಹಿಂದಿರುಗಿಸುವುದು ಪಾಪವೇ?

ಅಲ್ಲ. ಬೀದಿಗೆ ಬಿಡುವುದು, ಅಪರಿಚಿತರ ಕೈಗೆ ದಾಟಿಸುವುದು ತಪ್ಪು, ಆಶ್ರಯತಾಣಕ್ಕೆ ಮರಳಿಸುವುದು ಒಪ್ಪಂದದಲ್ಲೇ ಇರುವ ದಾರಿ. ಮೊದಲು ಕರೆ ಮಾಡಿ ಸಲಹೆ ಕೇಳಿ, ಎಷ್ಟೋ ತೊಂದರೆಗಳು ದಿನಚರಿಯ ಸಣ್ಣ ಬದಲಾವಣೆಯಿಂದ ಸರಿಹೋಗುತ್ತವೆ. ಮರಳಿಸಲೇಬೇಕಾದರೆ ನಡೆದದ್ದನ್ನು ಇದ್ದಂತೆ ಹೇಳಿ. "ಮಕ್ಕಳು ಊಟದ ಬಟ್ಟಲು ಮುಟ್ಟಿದಾಗ ಗುರುಗುಟ್ಟಿತು" ಎಂಬ ಒಂದು ವಾಕ್ಯದಿಂದ, ಆ ನಾಯಿಗೆ ಮಕ್ಕಳಿಲ್ಲದ ಮನೆ ಹುಡುಕಲು ಸಾಧ್ಯವಾಗುತ್ತದೆ. ಮುಜುಗರದಿಂದ ಅದನ್ನು ಮುಚ್ಚಿಟ್ಟರೆ ಮುಂದಿನ ಮನೆಯಲ್ಲಿ ಒಂದು ಮಗು ಕಚ್ಚಿಸಿಕೊಳ್ಳುತ್ತದೆ, ನಾಯಿಗೆ ಮೂರನೆಯ ಅವಕಾಶ ಸಿಗದೆ ಹೋಗಬಹುದು.

ಆಶ್ರಯತಾಣದ ನೆರವಿಲ್ಲದೆ ನಾನೇ ಹೊಸ ಮನೆ ಹುಡುಕಬಹುದೇ?

ಕಾಯುವ ಅವಧಿ ಮುಗಿದು, ಯಜಮಾನರು ಸಿಗಲಿಲ್ಲವೆಂದು ಖಚಿತವಾದ ಮೇಲೆ ಹುಡುಕಬಹುದು. ಸಂತಾನಹರಣ ಮತ್ತು ಲಸಿಕೆ ಮುಗಿಸಿಯೇ ಕೊಡಿ. ಹಗಲು ಬೆಳಕಿನಲ್ಲಿ, ಪ್ರಾಣಿಯ ಕಣ್ಣಿನ ಎತ್ತರದಲ್ಲಿ ತೆಗೆದ ಚಿತ್ರ ಹಾಕಿ. ವಿವರಣೆಯಲ್ಲಿ ಅದರ ಗುಣದ ಜೊತೆಗೆ ತೊಡಕನ್ನೂ ಬರೆಯಿರಿ: ಗುಡುಗಿಗೆ ಹೆದರುತ್ತದೆ, ಒಂಟಿಯಾಗಿ ಬಿಟ್ಟರೆ ಕೂಗುತ್ತದೆ, ಬೆಕ್ಕುಗಳನ್ನು ಅಟ್ಟುತ್ತದೆ. ಇಂಥ ಸಾಲುಗಳಿಂದ ಕರೆ ಮಾಡುವವರು ಕಡಿಮೆಯಾಗುತ್ತಾರೆ, ಆದರೆ ಕರೆ ಮಾಡಿದವರು ಉಳಿಯುತ್ತಾರೆ. ಕೊಡುವ ಮೊದಲು ಅವರ ಮನೆಗೆ ಹೋಗಿ ಬನ್ನಿ, ಸಾಧ್ಯವಾಗದಿದ್ದರೆ ನಿಮ್ಮಲ್ಲಿಗೆ ಬಂದು ಒಂದೆರಡು ಗಂಟೆ ಪ್ರಾಣಿಯ ಜೊತೆಗಿರಲು ಹೇಳಿ. ಸಾಕಲು ಸಾಧ್ಯವಾಗದಿದ್ದರೆ ಪ್ರಾಣಿಯನ್ನು ನಿಮಗೇ ಮರಳಿಸಬೇಕೆಂಬ ಮಾತನ್ನು ಬರಹದಲ್ಲಿ ಪಡೆಯಿರಿ. ಇಂದೇ ಬೇಕು, ಯಾವುದಾದರೂ ಸರಿ, ಪ್ರಶ್ನೆ ಬೇಡ ಎನ್ನುವವರಿಗೆ ಕೊಡಬೇಡಿ.

ಆಶ್ರಯತಾಣಗಳಲ್ಲಿ ಪ್ರಾಣಿಗಳಿಗೆ ದಯಾಮರಣ ಕೊಡುತ್ತಾರೆಯೇ?

ಕೊಡುವುದುಂಟು. ಗುಣವಾಗದ ನೋವಿನಲ್ಲಿರುವ ಪ್ರಾಣಿಗೆ ಅದು ಕರುಣೆಯೇ. ಜಾಗವಿಲ್ಲವೆಂಬ ಕಾರಣಕ್ಕೆ ಆರೋಗ್ಯವಂತ ಪ್ರಾಣಿಗಳನ್ನು ಕೊಲ್ಲುವುದು ಕೆಲವೆಡೆ ಇನ್ನೂ ನಡೆಯುತ್ತದೆ, ಕೆಲವೆಡೆ ಕಾನೂನಿನಿಂದಲೇ ನಿಷಿದ್ಧ. ಪ್ರಾಣಿಯನ್ನು ಒಪ್ಪಿಸುವ ಮೊದಲು ನೇರವಾಗಿ ಕೇಳಿ, ಕೇಳುವ ಹಕ್ಕು ನಿಮಗಿದೆ, ಒಳ್ಳೆಯ ಆಶ್ರಯತಾಣ ನೇರವಾಗಿಯೇ ಉತ್ತರಿಸುತ್ತದೆ. ಆದರೆ ಉತ್ತರ ಏನೇ ಬರಲಿ, ಆ ನಿರ್ಧಾರವನ್ನು ಹೊರುವ ಸಿಬ್ಬಂದಿಯನ್ನು ಹೀಯಾಳಿಸಬೇಡಿ, ಸೂಜಿ ಹಿಡಿದ ಕೈಯೇ ಬೆಳಿಗ್ಗೆ ಆ ಪ್ರಾಣಿಗೆ ಉಣಿಸಿರುತ್ತದೆ.

ದತ್ತು ಪಡೆಯಲಾರೆ. ಬೇರೆ ಹೇಗೆ ನೆರವಾಗಲಿ?

ವಾರಕ್ಕೊಮ್ಮೆ ನಾಯಿಗಳನ್ನು ನಡೆದಾಡಿಸಿ, ಹಳೆಯ ಟವೆಲು, ಬೆಡ್‌ಶೀಟುಗಳನ್ನು ಕೊಡಿ, ವಾಹನವಿದ್ದರೆ ಪ್ರಾಣಿಗಳನ್ನು ಆಸ್ಪತ್ರೆಗೆ ತಲುಪಿಸಿ, ಚಿತ್ರ ಚೆನ್ನಾಗಿ ತೆಗೆಯಬಲ್ಲಿರಾದರೆ ದತ್ತು ಪ್ರಕಟಣೆಗಳಿಗೆ ತೆಗೆದುಕೊಡಿ. ಕೊಡುವ ಮೊದಲು ಏನು ಬೇಕೆಂದು ಕೇಳಿ.

ನಾನು ಒಪ್ಪಿಸಿದ ಪ್ರಾಣಿ ಮುಂದೆ ಏನಾಯಿತೆಂದು ತಿಳಿಯಬಹುದೇ?

ಒಪ್ಪಿಸುವಾಗ ಕೊಡುವ ದಾಖಲೆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಅದನ್ನು ಹೇಳಿ ವಿಚಾರಿಸಿದರೆ ಪ್ರಾಣಿ ಚಿಕಿತ್ಸೆಯಲ್ಲಿದೆಯೋ, ಯಜಮಾನರಿಗೆ ಮರಳಿತೋ, ದತ್ತು ಹೋಯಿತೋ ಎಂಬಷ್ಟನ್ನು ಬಹುತೇಕ ಆಶ್ರಯತಾಣಗಳು ತಿಳಿಸುತ್ತವೆ. ದತ್ತು ಪಡೆದವರ ಹೆಸರು, ವಿಳಾಸ ಕೊಡುವುದಿಲ್ಲ, ಕೊಡಬಾರದು ಕೂಡ. ನಿಮಗೆ ಅದರ ಬಗ್ಗೆ ತಿಳಿದದ್ದನ್ನು, ಯಾವ ಹೆಸರಿಗೆ ಕಿವಿ ನಿಮಿರಿಸಿತು, ಯಾವ ತಿಂಡಿಗೆ ಹತ್ತಿರ ಬಂತು, ಎಲ್ಲಿ ಮುಟ್ಟಿದರೆ ನೋವಿನಿಂದ ಸರಿಯಿತು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅದರ ದಾಖಲೆಯ ಜೊತೆಗೆ ಇರಿಸಲು ಕೇಳಿಕೊಳ್ಳಿ. ಆ ಹಾಳೆ ಹೊಸ ಮನೆಯವರ ಕೈ ಸೇರುತ್ತದೆ, ಮತ್ತು ಎಷ್ಟೋ ಕುಟುಂಬಗಳು ಅದಕ್ಕೆ ಉತ್ತರವಾಗಿ ಒಂದು ಚಿತ್ರವನ್ನು ಆಶ್ರಯತಾಣದ ಮೂಲಕ ಕಳುಹಿಸುತ್ತವೆ.